ಅಡಿಕೆ ಸುಲಿಯುವ ರಾತ್ರಿಗಳು



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಚಳಿಗಾಲವೆಂದರೆ ಅಡಿಕೆ ಕೊಯ್ಲು. ಮಗ್ರಿಬ್ ಆಗುತ್ತಲೇ ನಮ್ಮ ಬೀದಿ ಮೌನವಾಗುತ್ತಿತ್ತು. ಬೆಳಕಿದ್ದದ್ದು ಎದುರು ಮನೆಯ ಅಜ್ಜಿಯ ಅಂಗಳದಲ್ಲಿ ಮಾತ್ರ. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು, ಬೇಯಿಸಿ, ಒಣಗಿಸಬೇಕು. ಒಂದು ಮನೆಯ ಕೈಗಳು ಸಾಲವು. ಅಮ್ಮಿಯೂ ಹೋಗಿ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಹಂಡೆಯ ಒಲೆಗೆ ನಾವು ಮಕ್ಕಳು ಕೈ ಕಾಯಿಸಿಕೊಳ್ಳುತ್ತಿದ್ದೆವು. ಅಮ್ಮಿ ಜ್ವರದಿಂದ ಮಲಗಿದಾಗ ನಮಗೆ ಗಂಜಿ ಬಂದದ್ದು ಅದೇ ಮನೆಯಿಂದ.

ಈಗ ಸುಲಿಯುವ ಯಂತ್ರ ಬಂದಿದೆ. ಕೈಗಳಿಗೆ ವಿಶ್ರಾಂತಿ, ಒಳ್ಳೆಯದೇ. ಆದರೆ ಕಳೆದ ಚಳಿಗಾಲ ಊರಿಗೆ ಹೋದಾಗ ಅಜ್ಜಿ ನನ್ನ ಕೈ ಹಿಡಿದು, "ನಿಮ್ಮಮ್ಮ ಹೋದ ಮೇಲೆ ಈ ಅಂಗಳಕ್ಕೆ ಯಾರೂ ಬರಲ್ಲ ಕಣೇ" ಎಂದರು.

ನೆರೆಮನೆಯ ಬಾಗಿಲು ತಟ್ಟಲು ಕೆಲಸದ ನೆಪವೇ ಬೇಕೇ? ಇಂದು ಸಂಜೆ ಒಮ್ಮೆ ಹೋಗಿ ಬನ್ನಿ.