ನಿಲ್ದಾಣದ ನೆರಳಿನ ಬದುಕು

ರೈಲು ನಿಲ್ದಾಣವು ಗಾಡಿ ಹತ್ತಿಳಿಯುವ ತಾಣ ಮಾತ್ರವಲ್ಲ; ಅನೇಕರಿಗೆ ಅದು ಅನ್ನದ ದಾರಿ. ಬೆಂಗಳೂರು–ಮೈಸೂರು ಮಾರ್ಗದ ಮದ್ದೂರನ್ನೇ ನೋಡಿ. ಅಲ್ಲಿನ ವಡೆಯ ರುಚಿಯನ್ನು ನಾಡಿಗೆ ಹರಡಿದವರು ರೈಲು ಪ್ರಯಾಣಿಕರು. ಮಾರುವವನ ಬುಟ್ಟಿಯ ಹಿಂದೆ ಈರುಳ್ಳಿ ಬೆಳೆದ ರೈತನೂ ಬಾಣಲೆಯ ಮುಂದೆ ಬೆವರುವ ಅಡುಗೆಯವನೂ ಇದ್ದಾರೆ.

ನಿಲ್ದಾಣಗಳು ಚೊಕ್ಕಟವಾಗಿರಬೇಕು, ನಡೆಯಲು ಹಾದಿಯೂ ಬೇಕು, ನಿಜ. ಆದರೆ ಅದಕ್ಕಾಗಿ ಬಡ ವ್ಯಾಪಾರಿಯನ್ನು ಹೊರದಬ್ಬುವುದು ನ್ಯಾಯವೇ? ಬೀದಿ ವ್ಯಾಪಾರಿಗಳನ್ನು ರಕ್ಷಿಸುವ 2014ರ ಕಾಯಿದೆಯು ರೈಲ್ವೆಯ ನೆಲಕ್ಕೆ ಅನ್ವಯಿಸದು. 2022ರಲ್ಲಿ ಆರಂಭವಾದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯು ಸ್ಥಳೀಯ ಸರಕಿಗೆ ನಿಲ್ದಾಣದಲ್ಲಿ ಮಳಿಗೆ ಒದಗಿಸುತ್ತದೆ. ಇದು ಸ್ವಾಗತಾರ್ಹ, ಆದರೆ ಒಂದು ಮಳಿಗೆಯಿಂದ ಹಲವರ ಹೊಟ್ಟೆ ತುಂಬದು. ನಿಲ್ದಾಣದ ನಕ್ಷೆ ಬರೆಯುವಾಗಲೇ ಊರಿನ ದುಡಿಮೆಗಾರರಿಗೂ ಎಡೆಯನ್ನು ಗುರುತಿಸಬೇಕು. ಊರಿನವರಿಗೆ ಎಡೆಯಿಲ್ಲದ ನಿಲ್ದಾಣವು ಎಷ್ಟು ಭವ್ಯವಾದರೂ ಊರಿಗೆ ಪರಕೀಯವೇ ಸರಿ.