ಬದುವಿನ ಜಗಳ: ಕೋನವನ್ನೂ ಕೇಳೋಣ

ನಂಜನಗೂಡು, ತಿ.ನರಸೀಪುರದ ಕಡೆ ಬದುವಿನ ತಕರಾರಿಲ್ಲದ ಊರನ್ನು ಹುಡುಕಬೇಕು. ಸರ್ವೆಯವರು ಬಂದಾಗ ನಾವು ನೋಡುವುದು ಉದ್ದವನ್ನಷ್ಟೇ. "ಎಷ್ಟು ಬಂತು ಸ್ವಾಮಿ?" ಅಂತ ಕೇಳಿ ಸುಮ್ಮನಾಗುತ್ತೇವೆ. ಮೂಲೆಯ ಕೋನ ಎಷ್ಟು ಅಂತ ಕೇಳುವವರಿಲ್ಲ. ಕೇಳಲೇಬೇಕು ಅನ್ನುವುದು ನನ್ನ ವಾದ.

ಲೆಕ್ಕ ನೋಡಿ. ಸರಪಳಿ ಅಂದರೆ 33 ಅಡಿ. ಒಂದು ಸರಪಳಿ ಉದ್ದ, ಅಷ್ಟೇ ಅಗಲ ಇದ್ದರೆ ಒಂದು ಗುಂಟೆ. ಹತ್ತು ಸರಪಳಿ ಉದ್ದದ ಬದು ಒಂದೇ ಒಂದು ಡಿಗ್ರಿ ವಾಲಿದರೆ, ಆ ತುದಿಯಲ್ಲಿ ಸುಮಾರು 5.75 ಅಡಿ ಆಚೀಚೆ. ಒಟ್ಟು ಹದಿನಾಲ್ಕಾಣೆ ಜಾಗ, ಗುಂಟೆಗೆ ಎರಡೇ ಆಣೆ ಕಮ್ಮಿ!

ಹಳೆಯ ಸರ್ವೆ ನಡೆದದ್ದು ಸರಪಳಿ ಮತ್ತು ಕ್ರಾಸ್‌ಸ್ಟಾಫ್‌ನಲ್ಲಿ. ಕ್ರಾಸ್‌ಸ್ಟಾಫ್ ತೋರಿಸುವುದು ನೇರ ಮತ್ತು ಲಂಬ, ಅಷ್ಟೇ. ನಾಲೆ, ಹಳ್ಳ ಬಳಸಿದ ಐದಾರು ಮೂಲೆಯ ಗದ್ದೆಯನ್ನು ತುಂಡುತುಂಡಾಗಿ ಅಳೆದು ಕೂಡಿಸಬೇಕು. ಥಿಯೊಡೊಲೈಟ್ ಯಾವ ಕೋನವನ್ನಾದರೂ ಅಳೆಯುತ್ತದೆ. 1802ರಲ್ಲಿ ಮದರಾಸಿನಿಂದ ಹೊರಟ ವಿಲಿಯಂ ಲ್ಯಾಂಬ್ಟನ್ ದೇಶವನ್ನೇ ತ್ರಿಕೋನಗಳಲ್ಲಿ ಅಳೆಯಲು ಶುರುಮಾಡಿದ್ದು ಇಂಥದೇ ಯಂತ್ರದಿಂದ. ಅದರ ತೂಕ ಸುಮಾರು ಅರ್ಧ ಟನ್.

ಕೆಲಸ ಮಾಡುವ ಬಗೆ ಸರಳ. ಮುಕ್ಕಾಲಿಯ ಮೇಲಿನ ಯಂತ್ರದ ತೂಗುಗುಂಡು ಬಾಂದುಕಲ್ಲಿನ ನೆತ್ತಿಗೆ ಸರಿಯಾಗಿ ಬರಬೇಕು. ನೀರ್ಗುಳ್ಳೆ ನಡುವೆ ನಿಲ್ಲಬೇಕು. ದುರ್ಬೀನಿನಲ್ಲಿ ಒಂದು ಕಲ್ಲು ನೋಡಿ, ಮುಂದಿನ ಕಲ್ಲಿಗೆ ತಿರುಗಿಸಿದರೆ ಎಷ್ಟು ಡಿಗ್ರಿ ತಿರುಗಿತು ಅಂತ ಕೆಳಗಿನ ತಟ್ಟೆ ಹೇಳುತ್ತದೆ. ದುರ್ಬೀನನ್ನು ಮಗುಚಿ ಇನ್ನೊಮ್ಮೆ ಅಳೆದು ಸರಾಸರಿ ಹಿಡಿದರೆ ಯಂತ್ರದ ಎಷ್ಟೋ ದೋಷ ಕಳೆಯುತ್ತದೆ.

ಈಗಿನ ಟೋಟಲ್ ಸ್ಟೇಷನ್ನಿನಲ್ಲೂ ಕೋನದ ಕೆಲಸ ಇದೇ; ದೂರವನ್ನು ಬೆಳಕಿನಿಂದ ಅಳೆಯುತ್ತದೆ. ರೋವರ್ ಉಪಗ್ರಹ ನೋಡಿ ಕಲ್ಲಿನ ಸ್ಥಾನ ಹೇಳುತ್ತದೆ. ಆದರೆ ದಟ್ಟ ತೆಂಗಿನ ತೋಟದೊಳಗೆ ಅದಕ್ಕೆ ಆಕಾಶ ಸರಿಯಾಗಿ ಕಾಣದು. ಅಲ್ಲಿ ಕೋನದ ಯಂತ್ರವೇ ಗತಿ.

ತಾಳೆ ನೋಡಲು ನಮಗೂ ಸಾಧ್ಯ. ನಾಲ್ಕು ಮೂಲೆಯ ಹೊಲದ ಒಳಕೋನ ಕೂಡಿದರೆ 360 ಬರಬೇಕು. ಐದಾದರೆ 540, ಆರಾದರೆ 720. ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಡಿಗ್ರಿಗಟ್ಟಲೆ ಬಂದರೆ ಮತ್ತೊಮ್ಮೆ ಅಳೆಯಿರಿ ಅನ್ನಲು ಹಿಂಜರಿಕೆ ಬೇಡ.

ಅದಕ್ಕೇ, ಅಳತೆಯಾದ ದಿನವೇ ಪ್ರತಿ ಮೂಲೆಯ ಕೋನ, ಪ್ರತಿ ಬದುವಿನ ಉದ್ದ ಬರೆದ ಚೀಟಿ ಎರಡೂ ಕಡೆಯ ರೈತರಿಗೆ ಕನ್ನಡದಲ್ಲಿ ಸಿಗಬೇಕು. ಬರೀ ನಕ್ಷೆ ಸಾಲದು. ನಮ್ಮ ಪಾಲಿನ ಕೆಲಸವೂ ಒಂದಿದೆ: ಉಳುವಾಗ ಬಾಂದುಕಲ್ಲು ಅಲ್ಲಾಡದಂತೆ ಕಾಯುವುದು. ಕಲ್ಲೇ ಜರುಗಿದರೆ, ಎಂಥ ಯಂತ್ರ ತಂದರೂ ತಪ್ಪು ಜಾಗವನ್ನೇ ಸರಿಯಾಗಿ ಅಳೆದುಕೊಡುತ್ತದೆ.