ಸುನಾಮಿ ಹೊಳೆಯ ದಾರಿಯಲ್ಲೂ ಬರುತ್ತದೆ

ಉಡುಪಿಯಲ್ಲಿ ಸುನಾಮಿಯ ಮಾತೆತ್ತಿದರೆ ಜನ ನಗುತ್ತಾರೆ. ಅದೇನಿದ್ದರೂ ಆಚೆ ಕಡಲಿನವರ ಪಾಡು, ನಮಗೆ ಕಡಲ್ಕೊರೆತವೇ ಸಾಕಾಗಿದೆ ಎನ್ನುತ್ತಾರೆ. ಆದರೆ 2004ರ ಡಿಸೆಂಬರ್ 26ರಂದು ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಇದೇ ಅರಬ್ಬಿ ಕಡಲ ದಂಡೆಯಲ್ಲಿ. ಸುಮಾತ್ರಾದಿಂದ ಹೊರಟ ಅಲೆ ಶ್ರೀಲಂಕೆಯನ್ನೂ ಕನ್ಯಾಕುಮಾರಿಯನ್ನೂ ಬಳಸಿ ಅಲ್ಲಿಗೆ ಬಂದಿತ್ತು. ಆಲಪ್ಪಾಡ್ ಎಂದರೆ ಪಡುವಲ್ಲಿ ಕಡಲು, ಮೂಡಲಲ್ಲಿ ಕಾಲುವೆ, ನಡುವೆ ಸಪೂರ ಮರಳಿನ ಪಟ್ಟಿ. ಓಡಿದರೂ ಎದುರಾಗುವುದು ನೀರೇ. ಮಲ್ಪೆಯ ಪಡುಕೆರೆ, ಕಾಪು ಕಡೆಯ ಮಟ್ಟು, ಕೋಡಿಬೆಂಗ್ರೆ ನೋಡಿದವರಿಗೆ ಈ ನಕ್ಷೆ ಹೊಸದಲ್ಲ.

ನಮಗೆ ಹತ್ತಿರದ ಮೂಲವೂ ಒಂದಿದೆ. ಪಾಕಿಸ್ತಾನ, ಇರಾನ್ ತೀರದ ಮಕ್ರಾನ್. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1 ತೀವ್ರತೆಯ ಭೂಕಂಪವಾಗಿ, ಎದ್ದ ಅಲೆ ಕಚ್ಛ್ ದಾಟಿ ಮುಂಬೈಯಲ್ಲೂ ಜನರನ್ನು ಕೊಚ್ಚಿಕೊಂಡು ಹೋಯಿತು. ಮಕ್ರಾನಿನ ಅಲೆಯ ಜೋರು ಹೆಚ್ಚಾಗಿ ನೇರ ತೆಂಕಿಗೆ, ನಡುಗಡಲಿಗೆ ಹೋಗುತ್ತದೆ. ನಮ್ಮ ಪಾಲಿಗೆ ಬರುವುದು ಬದಿಯ ಪೆಟ್ಟು. ಅದು ನಿಜವಾದ ಸಮಾಧಾನ, ಆದರೆ ಅಪಾಯದ ನಕ್ಷೆಯೇ ಬೇಡ ಎನ್ನುವಷ್ಟು ದೊಡ್ಡದಲ್ಲ.

ನಕ್ಷೆ ಇಲ್ಲವೇ ಇಲ್ಲ ಎಂದೇನಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ; ಅಪಾಯದ ಅಟ್ಲಾಸುಗಳೂ ಅಲ್ಲಿಂದ ಬಂದಿವೆ. ಸುರತ್ಕಲ್ಲಿನ ಎನ್‌ಐಟಿಕೆಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಉಡುಪಿಯ 95 ಕಿ.ಮೀ. ಕರಾವಳಿಯನ್ನೇ ಹಿಡಿದು ಲೆಕ್ಕ ಹಾಕಿತು: ನೀರು 1 ಮೀಟರ್ ಏರಿದರೆ ಸುಮಾರು 42 ಚದರ ಕಿ.ಮೀ., 10 ಮೀಟರ್ ಏರಿದರೆ 372 ಚದರ ಕಿ.ಮೀ. ಮುಳುಗಡೆ. ಹತ್ತು ಮೀಟರ್ ಅಲೆ ಬರುತ್ತದೆಂಬ ಭವಿಷ್ಯವಲ್ಲ ಇದು. ನಮ್ಮ ನೆಲ ಎಷ್ಟು ತಗ್ಗು ಎಂಬ ಲೆಕ್ಕ.

ನನ್ನ ತಕರಾರು ಇರುವುದು ಇನ್ನೊಂದು ಕಡೆ. ನಾವು ಅಪಾಯವನ್ನು ಕಡಲ ಬದಿಯಲ್ಲಷ್ಟೇ ಹುಡುಕುತ್ತೇವೆ. 4,000 ಮೀಟರ್ ಆಳದಲ್ಲಿ ಗಂಟೆಗೆ 700 ಕಿ.ಮೀ. ಓಡುವ ಸುನಾಮಿ, 50 ಮೀಟರ್ ಆಳಕ್ಕೆ ಬರುವಾಗ 80 ಕಿ.ಮೀ.ಗೆ ಇಳಿಯುತ್ತದೆ, ವೇಗ ಇಳಿದಂತೆ ಎತ್ತರ ಏರುತ್ತದೆ. ದಂಡೆಗೆ ಬಂದಾಗ ಕಲ್ಲಿನ ತಡೆಗೋಡೆ ಅಷ್ಟಿಷ್ಟು ತಡೆದೀತು. ಅಳಿವೆಗೆ ಯಾವ ಗೋಡೆ? ಕಾರ್ಕಳದ ಕಡೆಯಿಂದ ಬಂದು ಮಣಿಪಾಲದ ಗುಡ್ಡದ ಬುಡ ಬಳಸಿ ಹರಿಯುವ ಸ್ವರ್ಣಾ ಕೋಡಿಬೆಂಗ್ರೆಯಲ್ಲಿ ಸೀತಾ ಹೊಳೆಯೊಂದಿಗೆ ಕಡಲು ಸೇರುತ್ತದೆ. ಉದ್ಯಾವರ ಹೊಳೆಯಂತೂ ಕಡಲಿಗೆ ಬೆನ್ನು ಹಾಕಿದ ಹಾಗೆ ಮೈಲುಗಟ್ಟಲೆ ಸಮಾನಾಂತರ ಹರಿದು ಮಲ್ಪೆಯಲ್ಲಿ ಬಾಯಿ ಬಿಡುತ್ತದೆ. ಅಲೆ ಆ ಬಾಯಿಂದ ಒಳಹೊಕ್ಕರೆ ಮೊದಲು ಸಿಗುವುದು ಕುದ್ರುಗಳು, ಅಂದರೆ ಹೊಳೆಯ ನಡುಗಡ್ಡೆಗಳು.

ಕೆಮ್ಮಣ್ಣಿನ ತಿಮ್ಮಣ್ಣಕುದ್ರುವಿಗೆ 1991ರಲ್ಲಿ ಕಟ್ಟಿದ ತೂಗುಸೇತುವೆಯ ಮೇಲೆ ಎದುರು ಬಂದವರಿಗೆ ದಾರಿ ಬಿಡಲು ಬದಿಗೆ ಸರಿಯಬೇಕು. ಪ್ರವಾಸಿಗರಿಗೆ ಅದು ಸೆಲ್ಫಿಯ ಜಾಗ. ಕುದ್ರುಗಳಲ್ಲಿ ಮನೆಯಂಗಳಕ್ಕೂ ಉಬ್ಬರದ ನೀರಿಗೂ ನಡುವೆ ಇರುವುದು ಒಂದು ಮಣ್ಣಿನ ಬದು, ನಾಲ್ಕು ತೆಂಗಿನ ಮರ. ಅಲೆ ಬರುವುದು ಉಬ್ಬರದ ಹೊತ್ತಿಗೋ ಇಳಿತದ ಹೊತ್ತಿಗೋ ಎಂಬುದರ ಮೇಲೆಯೇ ಇಲ್ಲಿನ ಹಣೆಬರಹ ಬದಲಾಗುತ್ತದೆ. ರಾಜ್ಯಮಟ್ಟದ ನಕ್ಷೆಯಲ್ಲಿ ಇಂಥ ಕುದ್ರು ಒಂದು ಚುಕ್ಕೆ.

ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಮಾತು ಬೇರೆ. ಅಲ್ಲಿ ವಾಸವಿಲ್ಲ, ಆದರೆ ರಜೆಯ ದಿನ ಕಲ್ಲುಕಂಬಗಳ ಮೇಲೆ ಜಾತ್ರೆ. ದ್ವೀಪದ ಅತಿ ಎತ್ತರದ ಜಾಗವೇ ಹತ್ತು ಮೀಟರಿನ ಆಸುಪಾಸು. ಅಲ್ಲಿಗೆ ಬೇಕಾದದ್ದು ಗಡಿಯಾರ: ಎಚ್ಚರಿಕೆ ಬಂದ ಮೇಲೆ ಎಷ್ಟು ದೋಣಿ, ಎಷ್ಟು ಸಲ, ಎಷ್ಟು ನಿಮಿಷ. ಮಕ್ರಾನಿನ ಅಲೆಗೆ ಇಲ್ಲಿ ತಲುಪಲು ಗಂಟೆಗಳೇ ಬೇಕು, ಹಾಗಾಗಿ ಈ ಲೆಕ್ಕ ಅಸಾಧ್ಯವೇನಲ್ಲ. ಯಾರಾದರೂ ಮಾಡಿಡಬೇಕಷ್ಟೆ.

ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳು 2020ರಲ್ಲಿ ಯುನೆಸ್ಕೋದಿಂದ ‘ಸುನಾಮಿ ಸಿದ್ಧ’ ಎಂಬ ಮನ್ನಣೆ ಪಡೆದವು. ಅದಕ್ಕಿರುವ ಅಳತೆಗೋಲುಗಳಲ್ಲಿ ಊರಿನ ಅಪಾಯದ ನಕ್ಷೆಯೂ ಒಂದು. ಮಣಿಪಾಲದ ಎಂಜಿನಿಯರಿಂಗ್ ಹುಡುಗರಿಗೆ ಪ್ರತಿವರ್ಷ ಪ್ರಾಜೆಕ್ಟ್ ಬೇಕಾಗುತ್ತದೆ. ಪಡುಕೆರೆಯ ಮನೆ ಮನೆ ನೆಲದ ಎತ್ತರ, ಪ್ರತಿ ಕುದ್ರುವಿನ ಸೇತುವೆ, ಹತ್ತಿರದ ಎರಡಂತಸ್ತಿನ ಶಾಲೆ, ಅಲ್ಲಿಗೆ ಅಜ್ಜಿಯೊಬ್ಬಳು ನಡೆದು ಹೋಗಲು ಹಿಡಿಯುವ ಹೊತ್ತು, ಇಷ್ಟನ್ನು ಅಳೆದು ಕನ್ನಡ ಅಕ್ಷರದಲ್ಲಿ ಬರೆದು ಭಜನಾ ಮಂದಿರದ ಗೋಡೆಗೆ ಹಚ್ಚಲಿ. ಜಿಲ್ಲಾಧಿಕಾರಿ ಕಚೇರಿಯ ಕಪಾಟಿಗೆ ಬೇಕಿದ್ದರೆ ಇನ್ನೊಂದು ಪ್ರತಿ ಕೊಡೋಣ.